45 ಪೈಸೆಯ ಕಾಕಾ

ಬಾಗಲಕೋಟೆಯ ನವನಗರದಲ್ಲಿ, ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ, ಹುನಗುಂದದ ಚಹಾದಂಗಡಿಯಲ್ಲಿ, ಇಳಕಲ್ಲಿನ ಸೀರೆ ಅಂಗಡಿಯ ಗಾದಿಯ ಮೇಲೆ, ಎಲ್ಲಿ ಹುಡುಕಿದರೂ ಸಿಗುವ ಮನುಷ್ಯನೊಬ್ಬನಿದ್ದಾನೆ. ಮನೆಯಲ್ಲಿ ಅವನು ಯಜಮಾನ, ಓಣಿಗೆಲ್ಲ ಕಾಕಾ. ವರ್ಷಕ್ಕೊಮ್ಮೆ ಬ್ಯಾಸಗಿ ಸೂಟಿಯಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಪ್ರವಾಸ ಹೊರಡುವುದು ಅವನ ಪದ್ಧತಿ. ರೈಲಿನ ಟಿಕೆಟ್ ತೆಗೆಸಲು ಕೂತಾಗ ಕಂಪ್ಯೂಟರ್ ಮುಂದಿನ ಹುಡುಗ "ಇನ್ಶೂರನ್ಸ್ ಹಾಕ್ಲೇನ್ರಿ ಕಾಕಾ?" ಎನ್ನುತ್ತಾನೆ. ಕಾಕಾ ಕನ್ನಡಕ ಮೇಲೇರಿಸಿ "ಎಷ್ಟಪಾ?" ಎನ್ನುತ್ತಾನೆ. ಒಬ್ಬರಿಗೆ 45 ಪೈಸೆ. ಕಾಕಾ ಕ್ಷಣಕಾಲ ಸುಮ್ಮನಿದ್ದು, ಜೀವಮಾನದ ವ್ಯಾಪಾರಾನುಭವವನ್ನೆಲ್ಲ ಒಂದೇ ಪ್ರಶ್ನೆಗೆ ಇಳಿಸುತ್ತಾನೆ: "ಇದಕಿಂತ ಕಡಿಮಿದು ಇಲ್ಲೇನು?"

ಇಷ್ಟು ಕೇಳಿದವರು ಕಾಕಾನನ್ನು ಜಿಪುಣ ಎಂದುಬಿಡುತ್ತಾರೆ. ಅದು ತಪ್ಪು ತೀರ್ಪು. ಹೊರಡುವ ಹಿಂದಿನ ರಾತ್ರಿ ಅವನ ಮನೆಯ ಪಡಸಾಲೆ ನೋಡಿ. ನಾಲ್ಕು ದಿನದ ಪ್ರವಾಸಕ್ಕೆ ಹದಿನೈದು ದಿನಕ್ಕಾಗುವಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಅಮೀನಗಡದ ಕರದಂಟಿನ ಎರಡು ಡಬ್ಬಿ. ಸೂಟ್‌ಕೇಸ್ ಬಿಗಿಯಲು ಸರಪಳಿ, ಸರಪಳಿಗೆ ಕೀಲಿ, ಆ ಕೀಲಿಯ ಇನ್ನೊಂದು ಕೈ ಕಾಕೂನ ಸೊಂಟದಲ್ಲಿ. ಇದೆಲ್ಲ ವಿಮೆಯಲ್ಲದೆ ಮತ್ತೇನು? ರೊಟ್ಟಿ ಸಾಲದೆ ಹೋದರೆ ಎಂಬ ಭಯಕ್ಕೆ ಕಟ್ಟಿದ ಕಂತು, ಚೀಲ ಕಳುವಾದರೆ ಎಂಬ ಭಯಕ್ಕೆ ಕಟ್ಟಿದ ಕಂತು. ಅಂದರೆ ಕಾಕಾನಿಗೆ ವಿಮೆಯ ತತ್ವ ಬೇರೆಯವರು ಹೇಳಿಕೊಡಬೇಕಿಲ್ಲ, ರಕ್ತದಲ್ಲೇ ಇದೆ. ಅವನ ದೋಷ ಬೇರೆ. ಕೈಯಿಂದ ಭರಿಸಬಹುದಾದ ಸಣ್ಣ ನಷ್ಟಕ್ಕೆ ಧಾರಾಳವಾಗಿ ಕಂತು ಕಟ್ಟುತ್ತಾನೆ, ಮನೆ ಮಾರಿಸಬಲ್ಲ ದೊಡ್ಡ ನಷ್ಟ ಎದುರಾದಾಗ ಚೌಕಾಸಿಗೆ ಕೂರುತ್ತಾನೆ. ಅಗ್ಗದ ವಿಮೆ ಹುಡುಕುವುದು ಪಾಪವಲ್ಲ. ಎಲ್ಲಿ ಅಗ್ಗ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ಗೆರೆಯನ್ನು ಕಾಕಾ ತಲೆಕೆಳಗಾಗಿ ಎಳೆದಿದ್ದಾನೆ, ಅಷ್ಟೇ.

ಆ 45 ಪೈಸೆಯನ್ನೇ ತೆಗೆದುಕೊಳ್ಳಿ. ರೈಲ್ವೆ ಟಿಕೆಟಿನ ಈ ವಿಮೆ 2016ರಲ್ಲಿ ಶುರುವಾದಾಗ 92 ಪೈಸೆ ಇತ್ತು. ನಡುವೆ ಕೆಲ ಕಾಲ ಪುಕ್ಕಟೆಯೂ ಆಗಿತ್ತು. ಆಗ ಕಾಕಾ ತಕರಾರಿಲ್ಲದೆ ತೆಗೆದುಕೊಂಡ, 2018ರಲ್ಲಿ ಮತ್ತೆ ಕಾಸು ಕೇಳಿದ ಕೂಡಲೇ ಅವನಿಗೆ ವಿಮಾ ಕಂಪನಿಗಳ ಮೇಲೆ ಸಂಶಯ ಹುಟ್ಟಿತು. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ಣ ಅಂಗವಿಕಲತೆ ಬಂದರೆ 10 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 7.5 ಲಕ್ಷದವರೆಗೆ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಆರು ಮಂದಿಯ ಸಂಸಾರಕ್ಕೆ ಹೋಗಿ ಬರಲು ಒಟ್ಟು 5 ರೂಪಾಯಿ 40 ಪೈಸೆ. ಇದನ್ನು ಉಳಿಸಿ ಕಾಕಾ ಕಟ್ಟಿಸುವ ಮಾಳಿಗೆ ಯಾವುದೂ ಇಲ್ಲ. ಆದರೆ ಇದು ಸರ್ವರೋಗಕ್ಕೆ ಮದ್ದೂ ಅಲ್ಲ. ಆನ್‌ಲೈನ್ ಟಿಕೆಟಿಗೆ ಮಾತ್ರ ಸಿಗುತ್ತದೆ, ಕೌಂಟರಿನಲ್ಲಿ ಸಾಲು ನಿಂತು ತಂದ ಟಿಕೆಟಿಗೆ ಇಲ್ಲ. ರೈಲು ಅಪಘಾತಕ್ಕೆ ಅನ್ವಯಿಸುತ್ತದೆ, ಮೈಸೂರಿನಲ್ಲಿ ಮಸಾಲೆ ದೋಸೆ ತಿಂದು ಕೆಟ್ಟ ಹೊಟ್ಟೆಗಲ್ಲ. ಹುನಗುಂದ, ಇಳಕಲ್ಲಿನ ಕಾಕಾಗಳಿಗೆ ಇನ್ನೊಂದು ತೊಡಕು: ಅವರ ಊರಿಗೆ ರೈಲೇ ಇಲ್ಲ. ಬಾಗಲಕೋಟೆ ಸ್ಟೇಷನ್ನಿನವರೆಗೆ ಬಸ್ಸಿನಲ್ಲೋ ಬಾಡಿಗೆ ಕ್ರೂಸರಿನಲ್ಲೋ ಬರಬೇಕು. ಆ ದಾರಿಯಲ್ಲಿ ರೈಲ್ವೆಯ 45 ಪೈಸೆ ಉಸಿರೆತ್ತುವುದಿಲ್ಲ. ಅಲ್ಲಿ ಕಾಯುವುದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ. ಬಹಳ ಕಾಕಾಗಳ ಖಾತೆಯಿಂದ ಪ್ರತಿ ವರ್ಷ ಆ 20 ರೂಪಾಯಿ ಕಡಿತವಾಗುತ್ತಲೇ ಇರುತ್ತದೆ. ಅದು ಯಾಕೆ ಕಡಿತವಾಯಿತೆಂದು ಬ್ಯಾಂಕಿನಲ್ಲಿ ಜಗಳವಾಡುವುದೂ ಅವರೇ.

ಇಷ್ಟು ಲೆಕ್ಕ ಬಲ್ಲವನು ಇಲ್ಲೇ ಯಾಕೆ ಎಡವುತ್ತಾನೆ? ಕಾರಣವನ್ನು ಆಲಮಟ್ಟಿಯ ಹಿನ್ನೀರಿನಲ್ಲಿ ಹುಡುಕಬೇಕೆಂದು ನನ್ನ ವಾದ. ಈ ಸೀಮೆಗೆ ‘ಪರಿಹಾರ’ ಎಂಬ ಶಬ್ದ ಉಪ್ಪಿನಷ್ಟೇ ಪರಿಚಿತ. ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು, ಹೊಲ ಹೋದವು, ನವನಗರ ಎದ್ದಿತು, ಅಣೆಕಟ್ಟನ್ನು 519.60ರಿಂದ 524.256 ಮೀಟರಿಗೆ ಏರಿಸುವ ಮಾತು ಇನ್ನೂ ನಡೆದೇ ಇದೆ. ಎಲ್ಲ ಮುಳುಗಿದ ಮೇಲೆ ಅರ್ಜಿ ಹಾಕಿ, ವಕೀಲರನ್ನು ಹಿಡಿದು, ದರ ಏರಿಸಿಕೊಳ್ಳಲು ವರ್ಷಗಟ್ಟಲೆ ಕೋರ್ಟು ಅಲೆದ ಜನ ಇವರು. ಅದು ನಗುವ ಮಾತಲ್ಲ. ಆದರೆ ಆ ಅಲೆದಾಟ ಒಂದು ರೂಢಿ ಕಲಿಸಿತು: ಚೌಕಾಸಿ ನಡೆಯುವುದು ನಷ್ಟವಾದ ಮೇಲೆ. ವಿಮೆಯ ನಡೆ ಇದಕ್ಕೆ ಉಲ್ಟಾ. ಅಲ್ಲಿ ಮಾತುಕತೆಯೆಲ್ಲ ಸಹಿ ಹಾಕುವ ಮುಂಚೆ. ಆಮೇಲೆ ಬರೆದದ್ದೇ ಮಾತು. ನವಿಲುತೀರ್ಥದಿಂದ ಮಲಪ್ರಭೆಗೆ ನೀರು ಬಿಟ್ಟ ಸುದ್ದಿ ಬಂದ ಮೇಲೆ ಪ್ರವಾಸ ರದ್ದತಿಯ ವಿಮೆ ಕೊಂಡರೆ, ಗೊತ್ತಿದ್ದ ಅಪಾಯವೆಂದು ಕಂಪನಿ ಕೈತೊಳೆದುಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ಬಂದದ್ದನ್ನು ಕಂಡ ಕಾಕಾನಿಗೆ ಹೊಳೆಯ ಸ್ವಭಾವ ಗೊತ್ತು, ಪಾಲಿಸಿಯ ಸ್ವಭಾವ ಗೊತ್ತಿಲ್ಲ.

ಇದೇ ಕಾಕಾ ಇಳಕಲ್ಲಿನಲ್ಲಿ ಸೀರೆ ಕೊಳ್ಳುವುದನ್ನು ನೋಡಿದರೆ ಆಶ್ಚರ್ಯವಾಗಬೇಕು. ದರ ಕೇಳುವುದು ಕಡೆಗೆ. ಮೊದಲು ಮಡಿಕೆ ಬಿಚ್ಚಿಸಿ, ಹಾಸು ಹತ್ತಿಯೋ ರೇಷ್ಮೆಯೋ, ಸೆರಗಿನ ಕೆಂಪು ಪಕ್ಕಾ ರೇಷ್ಮೆಯೋ, ದಡಿ ಗೋಮಿಯೋ ಪರಾಸಪೇಟಿಯೋ ಎಂದು ಬೆರಳಾಡಿಸುತ್ತಾನೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸಿದ ಜಾಗ ಹುಡುಕಿ, ಅದು ಗಟ್ಟಿ ಇದೆಯೋ ಎಂದು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾನೆ. ಮೋಸ ಇರುವುದು ಕೂಡುವ ಜಾಗದಲ್ಲೇ ಎಂದು ಅವನಿಗೆ ಗೊತ್ತು. ಪಾಲಿಸಿಯಲ್ಲೂ ಹಾಗೇ; ಅಲ್ಲಿ ಕೂಡುವ ಜಾಗ ಎಂದರೆ ‘ಇವುಗಳಿಗೆ ಅನ್ವಯಿಸುವುದಿಲ್ಲ’ ಎಂಬ ಸಣ್ಣಕ್ಷರದ ಪುಟ. ದುಬೈಗೋ ಸಿಂಗಾಪುರಕ್ಕೋ ಹೊರಟ ಕಾಕಾ ಆ ಪುಟವನ್ನು ತೆರೆಯುವುದೇ ಇಲ್ಲ. ಚೀಲ ಕಳೆದರೆ ಎಷ್ಟು, ವಿಮಾನ ತಡವಾದರೆ ಎಷ್ಟು ಎಂಬುದನ್ನೇ ಬೆರಳಿಟ್ಟು ಓದುತ್ತಾನೆ. (ಬಾದಾಮಿಯ ಮೇಣಬಸದಿಯ ಮೆಟ್ಟಿಲ ಮೇಲೆ ಮಂಗ ಚೀಲ ಕಿತ್ತುಕೊಂಡು ಓಡುವುದನ್ನು ಚಿಕ್ಕಂದಿನಿಂದ ನೋಡಿದವನಿಗೆ ಚೀಲದ ಚಿಂತೆ ಸಹಜ. ಆದರೆ ಆ ವಿಮೆ ಸಾಮಾನ್ಯವಾಗಿ ವಿಮಾನ ಕಂಪನಿಗೆ ಒಪ್ಪಿಸಿದ ಚೀಲಕ್ಕೆ. ಮಂಗ ಯಾವ ಕಂಪನಿಯದೂ ಅಲ್ಲ.) ಚೀಲ ಹೋದರೆ ಹೋಗುವುದು ನಾಲ್ಕು ಜೊತೆ ಬಟ್ಟೆ. ಪರದೇಶದಲ್ಲಿ ಅವ್ವನಿಗೆ ಎದೆನೋವು ಬಂದು ಮೂರು ದಿನ ಆಸ್ಪತ್ರೆ ಸೇರಿದರೆ ಹೋಗುವುದು ಎರಡು ಎಕರೆ. ಅಗ್ಗ ಬೇಕಾದರೆ ಚೀಲ, ತಡ, ಇಂಥ ಚಿಲ್ಲರೆ ರಕ್ಷಣೆ ಬಿಡಲಿ. ಮೊದಲ ಒಂದಿಷ್ಟು ಖರ್ಚು ತಾನೇ ಭರಿಸುತ್ತೇನೆಂದು ಒಪ್ಪಿ ಕಂತು ಇಳಿಸಿಕೊಳ್ಳಲಿ. ಚಿಕಿತ್ಸೆಯ ಮೊತ್ತವನ್ನು ಮಾತ್ರ ಇಳಿಸಬಾರದು. ಯುರೋಪಿನ ಷೆಂಗೆನ್ ದೇಶಗಳು ಕನಿಷ್ಠ 30,000 ಯುರೋ ಚಿಕಿತ್ಸಾ ವಿಮೆ ಇಲ್ಲದೆ ವೀಸಾ ಕೊಡುವುದಿಲ್ಲ. ಕಾಕಾನ ಚೀಲದ ಬಗ್ಗೆ ಆ ನಿಯಮ ಚಕಾರ ಎತ್ತುವುದಿಲ್ಲ.

ಕಾಕಾನ ಕಡೆಯ ವಾದಗಳೂ ಇವೆ, ಅವು ಹಗುರವಲ್ಲ. "ಹತ್ತು ಸಲ ಹೋಗಿ ಬಂದೇವಿ, ಏನಾಗೇತಿ? ಕಟ್ಟಿದ್ದೆಲ್ಲಾ ದಂಡ." ದೇಶದೊಳಗಿನ ಪ್ರವಾಸಕ್ಕೆ ಇದು ಅರ್ಧ ಸತ್ಯ. ಮನೆಗೆ ಆರೋಗ್ಯ ವಿಮೆ ಇದ್ದರೆ ಅದು ಸಾಮಾನ್ಯವಾಗಿ ಜಿಲ್ಲೆಯ ಗಡಿಯಲ್ಲಿ ನಿಲ್ಲುವುದಿಲ್ಲ, ಮೈಸೂರಿಗೂ ಕಾಶಿಗೂ ಜೊತೆಗೆ ಬರುತ್ತದೆ; ಅಂಥವರು ದೊಡ್ಡ ಪ್ರವಾಸ ವಿಮೆ ಕೊಳ್ಳದಿದ್ದರೆ ತಪ್ಪೇನಿಲ್ಲ. ಉಳಿದರ್ಧಕ್ಕೆ ಕಾಕಾನ ಸರಪಳಿಯೇ ಉತ್ತರ: ಹತ್ತು ಪ್ರವಾಸದಲ್ಲೂ ಚೀಲ ಕಳುವಾಗಿಲ್ಲ, ಆದರೂ ಸರಪಳಿ ಮನೆಯಲ್ಲಿ ಉಳಿದಿಲ್ಲ. "ಬನಶಂಕರಿ ಅದಾಳ" ಎಂಬುದು ಇನ್ನೊಂದು. ಇದ್ದಾಳೆ, ಸಂಶಯವಿಲ್ಲ, ಆದರೆ ಬನದ ಹುಣ್ಣಿಮೆಯ ಜಾತ್ರೆಗೆ ಹೋದಾಗಲೂ ಕಾಕಾ ಜೇಬಿನ ಮೇಲಿಂದ ಕೈ ತೆಗೆಯುವುದಿಲ್ಲ. ಮೂರನೆಯದೇ ನಿಜವಾದ ಪೆಟ್ಟು: "ಕಟ್ಟಿಸ್ಕೊಳ್ಳಾಕ ಓಡಿ ಬರ್ತಾರ, ಕೊಡೂ ಮುಂದ ಸಿಗೂದಿಲ್ಲ." ಕ್ಲೇಮು ನಿರಾಕರಿಸುವ ಕಂಪನಿಗಳಿಲ್ಲವೆಂದು ಯಾರೂ ವಾದಿಸಲಾರರು, ಅದಕ್ಕೆಂದೇ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಆದರೆ ಅರ್ಜಿ ತುಂಬುವಾಗ "ಸಕ್ಕರಿ ಕಾಯಿಲೆ ಅಂತ ಬರೀಬ್ಯಾಡ, ಕಂತು ಏರ್ತೈತಿ" ಎಂದು ಪಿಸುಗುಟ್ಟಿದವನೂ ಕಾಕಾನೇ. ಆ ಒಂದು ಸಾಲು ಉಳಿಸಿದ್ದು ಕೆಲವೇ ನೂರು ರೂಪಾಯಿ ಇರಬಹುದು. ಕಂಪನಿಯ ವಕೀಲನ ಕೈಗೆ ಕೊಟ್ಟದ್ದು ಇಡೀ ಕ್ಲೇಮು. ಬಿ.ಪಿ., ಸಕ್ಕರೆ, ಹಳೆಯ ಹೃದಯದ ತೊಂದರೆ ಬರೆದರೆ ಕೆಲವು ಪಾಲಿಸಿ ತುಟ್ಟಿಯಾಗುತ್ತವೆ, ಕೆಲವು ಜೀವಾಪಾಯದ ತುರ್ತಿಗೆ ಮಾತ್ರ ಒಪ್ಪುತ್ತವೆ. ಬರೆದು ತುಟ್ಟಿಗೆ ಕೊಂಡದ್ದೇ ಕಡೆಗೆ ಅಗ್ಗ.

ಹೀಗಾಗಿ ಕಾಕಾನ ಚೌಕಾಸಿ ನಿಲ್ಲಬೇಕಿಲ್ಲ, ಜಾಗ ಬದಲಾಯಿಸಬೇಕು. ಅವನನ್ನು ತಿದ್ದಲು ಹೊರಡುವ ಮಕ್ಕಳು ದೊಡ್ಡ ಉಪದೇಶಕ್ಕೆ ಕೈಹಾಕಬೇಡಿ, ಅವನು ನಿದ್ದೆ ಮಾಡುತ್ತಾನೆ. ಒಂದು ಕೆಲಸ ಮಾಡಿ ಸಾಕು. ರೈಲಿನ ಟಿಕೆಟಿಗೆ 45 ಪೈಸೆ ಹಾಕಿದ ಮೇಲೆ ನಾಮಿನಿ ಹೆಸರು ತುಂಬುವ ಲಿಂಕ್ ಬರುತ್ತದೆ. ಟಿಕೆಟ್ ತೆಗೆದುಕೊಟ್ಟ ಅಂಗಡಿಯ ಹುಡುಗ ತನ್ನದೇ ನಂಬರ್ ಕೊಟ್ಟಿದ್ದರೆ ಅದು ಅವನ ಮೊಬೈಲಿನಲ್ಲೇ ಬಿದ್ದಿರುತ್ತದೆ. ಅಲ್ಲಿಂದ ತರಿಸಿಕೊಂಡು ಕಾಕೂನ ಹೆಸರು ತುಂಬಿ. ಅದಕ್ಕೆ ಬೇರೆ ದುಡ್ಡಿಲ್ಲ. ಕಾಕಾ ಕೇಳಿದರೆ ಅದನ್ನೇ ಮೊದಲು ಹೇಳಿ.