ಯಂತ್ರದ ಬೆನ್ನೇರಿದ ಫೋನು

ಅಮೆರಿಕದ ‘ಫಸ್ಟ್ ಟೆಕ್ ಚಾಲೆಂಜ್’ ಎಂಬ ವಿದ್ಯಾರ್ಥಿ ರೋಬೋಟ್ ಸ್ಪರ್ಧೆಯಲ್ಲಿ, ಲೆಗೊ ಎನ್‌ಎಕ್ಸ್‌ಟಿ ಎಂಬ ಇಟ್ಟಿಗೆಯಾಕಾರದ ಪೆಟ್ಟಿಗೆಯನ್ನೇ ಮೆದುಳೆಂದು ನಂಬಿ ಬಾಳಿದ್ದ ಬಾಲಕಬಾಲಿಕೆಯರಿಗೆ, 2015ರಲ್ಲಿ ಎರಡು ಆಂಡ್ರಾಯ್ಡ್ ಫೋನುಗಳಲ್ಲಿ ಒಂದನ್ನು ಯಂತ್ರದ ಮೇಲೇರಿಸಿ ಮತ್ತೊಂದನ್ನು ಅದನ್ನು ನಡೆಸಲು ತಾವಿಟ್ಟುಕೊಳ್ಳತಕ್ಕದ್ದೆಂದು ಅಪ್ಪಣೆಯಾದಾಗ, ಅವರ ಪಾಡು ಪಳಗದ ಹೋರಿಯನ್ನು ನೊಗಕ್ಕೆ ಹೂಡಿದ ರೈತನ ಪಾಡಾಯಿತು. ತರಗತಿಯಲ್ಲಿ ಫೋನು ಕಂಡರೆ ಕಿಡಿಕಾರುವ ಉಪಾಧ್ಯಾಯವರ್ಗವೇ ‘ಫೋನಿಗೆ ಚಾರ್ಜ್ ಇದೆಯೇನಪ್ಪ?’ ಎಂದು ವಿಚಾರಿಸಬೇಕಾಗಿ ಬಂದದ್ದು ಕಲಿಯ ಮಹಿಮೆಯೇ ಸರಿ. ರೋಬೋಟ್‌ಸಿ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯನ್ನು ಬಿಟ್ಟು ಜಾವಾ ಕಲಿತದ್ದೇನೋ ಆಯಿತು. ಆದರೆ ಎರಡೂವರೆ ನಿಮಿಷದ ಪಂದ್ಯದ ನಡುವೆ, ಡಿಕ್ಕಿಯ ರಭಸಕ್ಕೆ ಫೋನನ್ನು ಯಂತ್ರಕ್ಕೆ ಬೆಸೆದ ಯುಎಸ್‌ಬಿ ತಂತಿಯೊಂದು ಮೆಲ್ಲನೆ ಜಾರಿತೆಂದರೆ, ಅಷ್ಟು ಹೊತ್ತು ವೀರಾವೇಶದಿಂದ ಕುಣಿದ ಯಂತ್ರವು ಮುನಿದ ಅಳಿಯನಂತೆ ನಿಂತಲ್ಲೇ ನಿಂತುಬಿಡುತ್ತಿತ್ತು. ಆಗ ಜಾವಾಪಂಡಿತನಿಗಿಂತ ತಂತಿಯನ್ನು ಬಿಗಿದು ಕಟ್ಟಬಲ್ಲ ಹುಡುಗಿಗೇ ಅಗ್ರಪೂಜೆ.