ಇಸಿ ರಾಯರ ದುಬೈ ಫ್ಲ್ಯಾಟು

ಪ್ರತಿ ಬಡಾವಣೆಗೂ ಒಬ್ಬರು ಇಸಿ ರಾಯರು ಇದ್ದೇ ಇರುತ್ತಾರೆ. ಸೈಟು ತಗೊಂಡೆ ಅಂತ ಪೇಡ ಕೊಟ್ಟರೆ, ಅದನ್ನು ಬಾಯಿಗಿಡುವ ಮುಂಚೆಯೇ "ತಾಯಿಪತ್ರ ನೋಡಿದ್ರಾ? ಮೂವತ್ತು ವರ್ಷದ ಇಸಿ, ಅದೇ ಋಣಭಾರ ಪತ್ರ, ತೆಗೆಸಿದ್ರಾ? ಖಾತೆ ಪಕ್ಕಾ ಎಯೋ, ಕಚ್ಚಾ ಬಿಯೋ?" ಎಂದು ಶುರುಮಾಡುವವರು. ಅವರನ್ನು ನೋಡಿ ನಗುವ ಹಾಗೂ ಇಲ್ಲ. ನಮ್ಮ 1908ರ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗುವುದು ಪತ್ರ. ಮಾರಿದವನು ಅಸಲಿ ಮಾಲೀಕನೇ ಎಂಬುದಕ್ಕೆ ಸರ್ಕಾರ ಜಾಮೀನು ನಿಲ್ಲುವುದಿಲ್ಲ.

ಇಂಥ ರಾಯರ ಮಗ ದುಬೈನ ಪಾಮ್ ಜುಮೇರಾದಲ್ಲಿ ಫ್ಲ್ಯಾಟು ಗೊತ್ತುಮಾಡಿ ಅಪ್ಪನನ್ನು ಕರೆಸಿಕೊಂಡ. ಒಂದಷ್ಟು ದುಡ್ಡು ರಾಯರದೇ. ವರ್ಷಕ್ಕೆ ತಲಾ ಎರಡೂವರೆ ಲಕ್ಷ ಡಾಲರಿನ ಮಿತಿಯೊಳಗೆ, ಬ್ಯಾಂಕಿನವರು ತೋರಿಸಿದಲ್ಲೆಲ್ಲ ಸಹಿ ಹಾಕಿ ಕಳಿಸಿದ್ದರು.

ನೋಂದಣಿ ನಡೆಯುವ ಟ್ರಸ್ಟೀ ಕಚೇರಿಗೆ ಹೋದವರೇ ಪತ್ರಬರಹಗಾರನನ್ನು ಹುಡುಕಿದರು. ಇಲ್ಲ. ಶೇಕಡಾ 4ರ ಶುಲ್ಕ ಅಂದಾಗ ಮಗನ ಕಿವಿಯಲ್ಲಿ, "ಗೈಡೆನ್ಸ್ ವ್ಯಾಲ್ಯೂ ಎಷ್ಟೋ? ಮಿಕ್ಕಿದ್ದು ಕ್ಯಾಶಾ?"

"ಎಲ್ಲಾ ಬ್ಯಾಂಕ್ ಚೆಕ್ಕು ಅಪ್ಪಾ."

"ಮೂವತ್ತು ವರ್ಷದ ಇಸಿ?"

"ಮೂವತ್ತು ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು! 2001ರಿಂದ ಈಚೆಗೆ ಮರಳು ತುಂಬಿ ಮಾಡಿದ ಜಾಗ ಇದು."

"ಸಮುದ್ರಕ್ಕೂ ವಾರಸುದಾರರು ಇರ್ತಾರೆ. ಹೆಣ್ಣುಮಕ್ಕಳ ಸಹಿ ಆಗಿದೆಯಾ ಕೇಳು."

ಮಗ ತಾಳ್ಮೆಯಿಂದ 2006ರ 7ನೇ ಕಾನೂನನ್ನು ಬಿಡಿಸಿ ಹೇಳಿದ. ಅಲ್ಲಿನ ಭೂ ಇಲಾಖೆಯ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಮೋಸ, ಫೋರ್ಜರಿ ಸಾಬೀತಾದರೆ ಮಾತ್ರ ತಕರಾರು. ರಾಯರು ಕನ್ನಡಕ ಮೇಲೇರಿಸಿ ಮಗನನ್ನೇ ನೋಡಿದರು. ಇಷ್ಟು ಸುಲಭಕ್ಕೆ ನಂಬುವವನು ನನ್ನ ಮಗನೇ ಹೌದಾ ಎಂಬ ನೋಟ ಅದು.

ಕೊನೆಗೆ ಕೈಗೆ ಬಂದದ್ದು ಅರಬಿ, ಇಂಗ್ಲಿಷು ಎರಡರಲ್ಲೂ ಅಚ್ಚಾದ ಟೈಟಲ್ ಡೀಡು. ಅಪ್ಪ-ಮಗನ ಹೆಸರು ಜಂಟಿಯಾಗಿ ಇತ್ತು. ರಾಯರು ಅದನ್ನು ಬೆಳಕಿಗೆ ಹಿಡಿದರು, ಹಿಂಬದಿ ತಿರುಗಿಸಿದರು, ಉಳಿದ ಹಾಳೆ ಎಲ್ಲಿ ಎಂದರು.

ಊರಿಗೆ ಬಂದ ಮೇಲೆ ಅದಕ್ಕೆ ಲ್ಯಾಮಿನೇಶನ್ ಆಯಿತು, ಹತ್ತು ಜೆರಾಕ್ಸೂ ಆದವು. ವಿದೇಶಿ ಆಸ್ತಿಯನ್ನು ಐಟಿ ರಿಟರ್ನಿನಲ್ಲಿ ತೋರಿಸದಿದ್ದರೆ 10 ಲಕ್ಷ ದಂಡ ಬೀಳಬಹುದು ಅಂತ ಆಡಿಟರು ಹೆದರಿಸಿದಾಗ ರಾಯರಿಗೆ ಸಮಾಧಾನವೇ ಆಯಿತು: ಸದ್ಯ, ಒಂದು ಸರ್ಕಾರವಾದರೂ ಇದನ್ನು ನಮ್ಮದು ಅನ್ನುತ್ತಿದೆ.

ಆದರೆ ಕಂದಾಯದ ರಸೀದಿ? ಹೌಸಿಂಗ್ ಫೀ ಅಂತ ಕರೆಂಟು-ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ, ಬೇರೆ ಕಂದಾಯ ಇಲ್ಲ ಎಂದ ಮಗ. ಅಂದು ಸಂಜೆ ವಾಕಿಂಗಿನಲ್ಲಿ ರಾಯರು ಪಕ್ಕದ ಮನೆಯವರ ಭುಜಕ್ಕೆ ಭುಜ ತಾಗಿಸಿ ಮೆಲ್ಲಗೆ ಅಂದರು: "ಯಾರಿಗೂ ಹೇಳಬೇಡಿ. ಬಿ ಖಾತೆ ಇರಬೇಕು."