ತಗಡಿನೊಳಗೊಂದು ಮುಚ್ಚಿಗೆ

"ಅಲ್ಲ ಮಾರಾಯ, ಆ ಥರ್ಮೋಕೋಲನ್ನು ಮೊದಲು ಕೆಳಗಿಡು."

ದಾಸವಾಳದ ಬುಡಕ್ಕೆ ನೀರು ಬಿಡುತ್ತಾ ಬೇಲಿಯ ಈಚೆಯಿಂದ ನಾನು ಹೇಳಿದ್ದು ಇಷ್ಟೇ. ಅಲ್ಲಿಂದ ಶುರುವಾದ ಮಾತು ಹನ್ನೊಂದು ಗಂಟೆಯ ಚಾ ಮುಗಿದರೂ ಮುಗಿಯಲಿಲ್ಲ. ಪಕ್ಕದ ಮನೆ ಅಕ್ಕನ ಸಣ್ಣ ಮಗ ಜುಬೈಲ್‌ನಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದಾನೆ. ಬಂದ ವಾರದಲ್ಲೇ ಪುತ್ತೂರಿನಿಂದ ಹಳೇ ಬೊಲೆರೊ ಒಂದನ್ನು ತಂದ, ಫೋರ್ ವೀಲ್‌ನದ್ದು. ಅಲ್ಲಿ ಚಳಿಗಾಲದಲ್ಲಿ ಸ್ನೇಹಿತರ ಜೊತೆ ಮರುಭೂಮಿಗೆ ಹೋಗಿ ಗಾಡಿಯೊಳಗೇ ಮಲಗಿ ಅಭ್ಯಾಸವಂತೆ. ಇಲ್ಲೂ ಹಾಗೆ ಮಾಡಬೇಕು, ಡಿಸೆಂಬರಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಬಾಬಾಬುಡನ್‌ಗಿರಿ ಕಡೆ ಹೋಗಬೇಕು, ಯಾರದಾದರೂ ಹೋಮ್‌ಸ್ಟೇಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅದರಲ್ಲೇ ರಾತ್ರಿ ಕಳೆಯಬೇಕು ಎಂದು ಆಸೆ. ಒಳ್ಳೆಯ ಆಸೆಯೇ. ಅದಕ್ಕಾಗಿ ಒಳಗೆಲ್ಲ ಥರ್ಮೋಕೋಲ್ ಅಂಟಿಸಿ, ಮೇಲೆ ಕಾರ್ಪೆಟ್ ಬಟ್ಟೆ ಹೊದಿಸಿ, ಗಮ್ ಹಾಕಿ ಬಿಗಿ ಮಾಡಲಿಕ್ಕೆ ಹೊರಟಿದ್ದ.

"ಯಾಕೆ ಮಾಮ? ಮೀನಿನ ಪೆಟ್ಟಿಗೆಗೆ ಅದೇ ಅಲ್ವಾ? ದಕ್ಕೆಯಲ್ಲಿ ನೋಡಿ, ಒಳಗಿನ ಐಸ್ ಅಷ್ಟು ಸುಲಭದಲ್ಲಿ ಕರಗುವುದಿಲ್ಲ."

ಮೀನಿನ ಪೆಟ್ಟಿಗೆಯ ಲೆಕ್ಕ ಬೇರೆ. ಮೀನು ಉಸಿರಾಡುವುದಿಲ್ಲ. ಪೆಟ್ಟಿಗೆ ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ನಿಲ್ಲುವುದೂ ಇಲ್ಲ. ನಮ್ಮ ಬಿಸಿಲಿಗೆ ಗಾಡಿಯ ಮಾಡಿನ ತಗಡಿನ ಮೇಲೆ ಕೈ ಇಡಲಿಕ್ಕೆ ಆಗುವುದಿಲ್ಲ. ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಒಂದು ಗಂಟೆ ಆಗುವಷ್ಟರಲ್ಲಿ ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಆ ಬಿಸಿಗೆ ಥರ್ಮೋಕೋಲ್ ಬಾಗುತ್ತದೆ, ಘಾಟಿಯ ಕುಲುಕಾಟಕ್ಕೆ ಕಿರಕಿರ ಎನ್ನುತ್ತದೆ, ಆಮೇಲೆ ಸಾಬಕ್ಕಿಯ ಹಾಗೆ ಉದುರುತ್ತದೆ. ಸೀಟಿನ ಕೆಲಸದವರು ಹಚ್ಚುವ ಗಮ್ ಅದನ್ನು ಕಣ್ಣೆದುರೇ ಕರಗಿಸಿಬಿಡುತ್ತದೆ. ಬೆಂಕಿ ಹಿಡಿದರಂತೂ ಕಪ್ಪು ಹೊಗೆ ಬಿಡುತ್ತಾ, ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಮನುಷ್ಯರು ಮಲಗುವ ಜಾಗಕ್ಕೆ ಅದು ಬೇಡವೇ ಬೇಡ.

ನಾನು ಇಷ್ಟು ಖಡಾಖಂಡಿತ ಹೇಳಲಿಕ್ಕೆ ಕಾರಣ ಉಂಟು. ಮೂವತ್ತು ವರ್ಷ ಲ್ಯಾಗಿಂಗ್ ಕೆಲಸ ಮಾಡಿದವ ನಾನು. ಕಾರ್ಖಾನೆಗಳಲ್ಲಿ ಬಿಸಿ ಪೈಪಿಗೆ ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುವುದು, ಮೈನಸ್ 33 ಡಿಗ್ರಿಯ ಅಮೋನಿಯಾ ಹರಿಯುವ ಪೈಪಿಗೆ ಒಂದು ಹನಿ ತೇವವೂ ನುಗ್ಗದ ಹಾಗೆ ಫೋಮು ಕಟ್ಟುವುದು, ಇದೇ ನನ್ನ ಬದುಕು. ಗಾಡಿಯೂ ಒಂದು ಪೈಪೇ. ಪೈಪಿನ ಒಳಗೆ ಹಬೆ ಇದ್ದ ಹಾಗೆ ಗಾಡಿಯ ಒಳಗೆ ನಾವು ಇರುತ್ತೇವೆ, ಅಷ್ಟೇ ವ್ಯತ್ಯಾಸ.

ದೂರದ ಊರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗಿದ್ದಾಗ ನೋಡಿದ್ದನ್ನು ಅವನಿಗೆ ಹೇಳಿದೆ. ಹೊರಗಿನಿಂದ ಫಳಫಳ ಹೊಳೆಯುವ ಪೈಪಿನ ಹೊದಿಕೆ. ಒಂದು ಜೋಡಣೆಯಲ್ಲಿ ಒಂದೇ ಒಂದು ಸ್ಕ್ರೂ ಬಿದ್ದುಹೋಗಿತ್ತು. ಪರೀಕ್ಷೆಗೆಂದು ತಗಡು ಬಿಚ್ಚಿದರೆ ರಾಕ್‌ವೂಲ್ ಒದ್ದೆ ಗೋಣಿಯ ಹಾಗೆ ಪೈಪಿಗೆ ಅಂಟಿಕೊಂಡಿದೆ. ಅದನ್ನು ಸರಿಸಿ ಸ್ಕ್ರೂಡ್ರೈವರಿನ ತುದಿ ಊರಿದೆ, ಕಬ್ಬಿಣದೊಳಗೆ ಇಳಿದೇಹೋಯಿತು. ಹೊದಿಕೆಯಡಿಯ ತುಕ್ಕು ಅದು, ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವ ರೋಗ. ಬರಿಯ ಕಬ್ಬಿಣಕ್ಕೆ ಮಳೆ ಬಿದ್ದರೆ ಬಿಸಿಲಿಗೆ ಒಣಗುತ್ತದೆ. ಹೊದಿಕೆಯ ಹಿಂದೆ ಸೇರಿದ ನೀರಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಅದು ಕೂತಲ್ಲೇ ಕೂತು ತಿನ್ನುತ್ತದೆ, ಹೊರಗೆ ಒಂದು ಕಲೆಯೂ ಕಾಣುವುದಿಲ್ಲ.

ಜುಬೈಲ್‌ನ ಒಳನಾಡಿನ ಮರಳಿನಲ್ಲಿ ಗಾಡಿಗೆ ಏನು ಅಂಟಿಸಿದರೂ ನಡೆದೀತು. ಇದು ಕಾಟಿಪಳ್ಳ. ಸುರತ್ಕಲ್ಲಿನ ಸಮುದ್ರದಿಂದ ಉಪ್ಪುಗಾಳಿ ನಮ್ಮ ಗೇಟಿನ ಕೊಂಡಿಯನ್ನೇ ಬಿಡುವುದಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಕರಾವಳಿ. ಇಲ್ಲಿ ಗಾಡಿಗೆ ಒಳಹೊದಿಕೆ ಹಾಕುವವನು ಮೊದಲು ಬಿಸಿ-ಚಳಿಯನ್ನು ಯೋಚಿಸಬಾರದು, ನೀರನ್ನು ಯೋಚಿಸಬೇಕು.

"ಮಳೆ ಮುಗಿಯಿತಲ್ಲ ಮಾಮ, ಡಿಸೆಂಬರಿನಲ್ಲಿ ಎಂತ ನೀರು?"

ನಿನ್ನ ಉಸಿರಿನ ನೀರು ಮಾರಾಯ! ಒಬ್ಬ ಮನುಷ್ಯ ಎಂಟು ಗಂಟೆ ಮಲಗಿದರೆ ಉಸಿರಿನಿಂದಲೂ ಚರ್ಮದಿಂದಲೂ ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತದೆ. ಇಬ್ಬರಿದ್ದರೆ ಅರ್ಧ ಲೀಟರು. ಕಿಟಕಿ ಮುಚ್ಚಿದರೆ ಅದು ಎಲ್ಲಿಗೆ ಹೋಗಬೇಕು? ಗಾಡಿಯೊಳಗೆ 20 ಡಿಗ್ರಿ, ತೇವ ನೂರಕ್ಕೆ ಎಂಬತ್ತು ಎಂದಿಟ್ಟುಕೋ. ಆಗ 16 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಗಾಳಿ ನೀರು ಬಿಡುತ್ತದೆ. ನೀನು ಹೋಗುವ ಕಡೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಆಸುಪಾಸಿನಲ್ಲಿ, ಡಿಸೆಂಬರಿನ ನಸುಕಿಗೆ ತಗಡು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಮಜ್ಜಿಗೆ ಲೋಟದ ಹೊರಮೈ ಬೆವರಿದ ಹಾಗೆ ಗಾಡಿ ಒಳಮೈಯಲ್ಲಿ ಬೆವರುತ್ತದೆ. ಬರೀ ತಗಡಾದರೆ ಕಣ್ಣಿಗೆ ಕಾಣುತ್ತದೆ, ಒರೆಸಬಹುದು. ಅರೆಬರೆ ಅಂಟಿದ ಥರ್ಮೋಕೋಲಿನ ಹಿಂದೆ ಬೆವರಿದರೆ ಯಾರಿಗೆ ಗೊತ್ತಾಗುತ್ತದೆ?

ಹುಡುಗ ಥರ್ಮೋಕೋಲನ್ನು ಕೆಳಗಿಟ್ಟ. ಅಕ್ಕ ಬೇಲಿಯ ಮೇಲಿನಿಂದ ಚಾ ಕೊಟ್ಟರು.

ಅವನಿಗೆ ನಮ್ಮ ಮನೆಯ ಮಾಡು ತೋರಿಸಿದೆ. ಬಂದರಿಗೆ ಜಾಗ ಬಿಟ್ಟು 1960ರ ದಶಕದಲ್ಲಿ ಪಣಂಬೂರಿನಿಂದ ಇಲ್ಲಿಗೆ ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಅಪ್ಪ ಕಟ್ಟಿದ್ದು ಮುರಕಲ್ಲಿನ ಗೋಡೆ, ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಸುಡಲಿಕ್ಕೆ ಶುರುಮಾಡಿದ ಹೆಂಚು ಈ ಊರಿಗೆ ಎಂಥ ಉಪಕಾರ ಮಾಡಿದೆ ಎಂದು ನನಗೆ ವಯಸ್ಸಾದಂತೆ ಹೆಚ್ಚು ಹೆಚ್ಚು ಅರ್ಥವಾಗುತ್ತಿದೆ. ಹೆಂಚು ಬಿಸಿಲಿಗೆ ಕಾಯುವುದೇನೋ ಕಾಯುತ್ತದೆ. ಆದರೆ ಅದರಡಿಯಲ್ಲಿ ಅಟ್ಟದ ಗಾಳಿ ಉಂಟು, ಅದರ ಕೆಳಗೆ ಮರದ ಮುಚ್ಚಿಗೆ ಉಂಟು. ಬಿಸಿಯಾದ ಗಾಳಿ ಹೆಂಚಿನ ಸಂದಿಯಲ್ಲೇ ಹೊರಗೆ ಹೋಗುತ್ತದೆ. ಕೋಣೆಯಲ್ಲಿ ಕೂತವನ ತಲೆಗೆ ಬಿಸಿ ಇಳಿಯುವುದು ಕಡಿಮೆ.

ಮಳೆಗಾಲಕ್ಕೆ ಮೊದಲು ಅಮ್ಮ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟಿಸುತ್ತಿದ್ದರು. ನವರಾತ್ರಿಯ ಹೊತ್ತಿಗೆ ಅದನ್ನು ಬಿಚ್ಚಿಸುತ್ತಿದ್ದರು. ಕಟ್ಟಿದಷ್ಟೇ ಮುಖ್ಯ ಬಿಚ್ಚಿದ್ದೂ. ಗೋಡೆ ಒಣಗಬೇಕಲ್ಲ! ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟುತ್ತಿದ್ದುದೂ ಹಾಗೆ. ಮುಡಿಗೆ 42 ಸೇರು ಅಕ್ಕಿ, ಆಟಿ ತಿಂಗಳ ಮಳೆಯಲ್ಲೂ ಬೂಷ್ಟು ಹಿಡಿಯುತ್ತಿರಲಿಲ್ಲ. ಹುಲ್ಲು ಹೊರಗಿನ ಥಂಡಿಯನ್ನು ತಡೆಯುತ್ತದೆ, ಒಳಗಿನ ಹಬೆಯನ್ನು ಹೊರಗೆ ಬಿಡುತ್ತದೆ. ಲ್ಯಾಗಿಂಗ್ ಕಲಿಯಲಿಕ್ಕೆ ನಾನು ಎಲ್ಲೆಲ್ಲಿಗೋ ಹೋದೆ, ಪಾಠದ ಅರ್ಧ ನಮ್ಮ ಅಂಗಳದಲ್ಲೇ ಇತ್ತು.

ಹಾಗಾದರೆ ಬೊಲೆರೊಗೆ ಎಂತ ಮಾಡುವುದು? ಎರಡೇ ದಾರಿ. ಒಂದೋ ಗಾಳಿ ಹಿಂದೆ ನುಗ್ಗದ ಹಾಗೆ ಪೂರ್ತಿ ಅಂಟಬೇಕು, ಇಲ್ಲವೋ ಗಾಳಿ ಆಡುವ ಹಾಗೆ ಪೂರ್ತಿ ಬಿಡಬೇಕು. ನಡುವಿನ ಅರೆಬರೆಯೇ ತುಕ್ಕಿನ ತವರು. ಮಾಡು ಮತ್ತು ಎರಡು ಪಕ್ಕದ ಅಗಲ ತಗಡಿಗೆ ಎಸಿ ಪೈಪಿಗೆ ಹಾಕುತ್ತಾರಲ್ಲ, ಆ ಕಪ್ಪು ನೈಟ್ರೈಲ್ ರಬ್ಬರಿನ ಶೀಟು ಒಳ್ಳೆಯದು. ಅದರ ಕಣಕಣವೂ ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ. ಹತ್ತು ಮಿಲಿಮೀಟರ್ ದಪ್ಪದ್ದಾದರೆ ಧಾರಾಳ ಸಾಕು. ಕಬ್ಬಿಣದ ತಗಡು ಬಿಸಿಯನ್ನು ದಾಟಿಸುವ ಲೆಕ್ಕ ಈ ರಬ್ಬರಿನ ಸಾವಿರ ಪಟ್ಟಿಗೂ ಮೇಲೆ. ತೆಳುವಾದರೂ ಬಿಡದೆ ಅಂಟಿಸಿದ ಶೀಟು ದಪ್ಪಗೆ ಅಲ್ಲಲ್ಲಿ ತುರುಕಿದ್ದಕ್ಕಿಂತ ಮೇಲಾಗುವುದು ಇದರಿಂದಲೇ: ಒಂದು ಪಟ್ಟಿ ಬರಿಯ ತಗಡು ಉಳಿದರೂ ಬಿಸಿ ಆ ದಾರಿಯಲ್ಲೇ ಇಳಿಯುತ್ತದೆ, ಚಳಿಯಲ್ಲಿ ಹನಿ ಅಲ್ಲೇ ಕಟ್ಟುತ್ತದೆ. ಮಾಡಿನ ಅಡ್ಡಪಟ್ಟಿಗಳ ಮೈಗೂ ತೆಳ್ಳಗಿನ ತುಂಡನ್ನು ಅಂಟಿಸಲೇಬೇಕು. ಗಮ್ ಮಾತ್ರ ಬಿಸಿ ತಡೆಯುವಂಥದ್ದಾಗಿರಲಿ. ಹಳೇ ಕಾರುಗಳಲ್ಲಿ ಮಾಡಿನ ಬಟ್ಟೆ ಜೋತು ಬಿದ್ದದ್ದನ್ನು ನೋಡಿಲ್ಲವಾ, ಬೇಸಗೆಗೆ ಗಮ್ ಬಿಟ್ಟದ್ದು ಅದು.

ಸದ್ದು ತಗ್ಗಿಸಲಿಕ್ಕೆ ಬ್ಯುಟೈಲ್ ಶೀಟು ಬೇಕು ಎಂದ. ಬೇಕು, ಆದರೆ ತಗಡಿನ ಕಾಲು ಭಾಗಕ್ಕೆ ಹಾಕಿದರೆ ಸಾಕು, ನಡುವಿನ ಡಬಡಬ ನಿಲ್ಲುತ್ತದೆ. ಉಳಿದದ್ದು ಬರೀ ತೂಕ. ಕಡಿಮೆ ಬೆಲೆಯ ಡಾಂಬರಿನ ಶೀಟು ತರಬೇಡ, ಏಪ್ರಿಲಿನಲ್ಲಿ ಮೆತ್ತಗಾಗಿ ರಸ್ತೆ ಕೆಲಸದ ವಾಸನೆ ಬರುತ್ತದೆ. ಮಿರಿಮಿರಿ ಫಾಯಿಲನ್ನು ಎಲ್ಲರೂ ತಗಡಿಗೆ ಒತ್ತಿ ಅಂಟಿಸಿ ಮೇಲೆ ಬಟ್ಟೆ ಹೊಡೆಯುತ್ತಾರೆ, ಅದು ಹಣ ದಂಡ. ಫಾಯಿಲಿನ ಎದುರು ಒಂದೆರಡು ಬೆರಳಷ್ಟು ಗಾಳಿ ಇದ್ದರೆ ಮಾತ್ರ ಅದು ಬಿಸಿಯನ್ನು ತಿರುಗಿಸಿ ಕಳಿಸುತ್ತದೆ, ಅಟ್ಟದ ಹಾಗೆಯೇ. ಫಾಯಿಲಿನ ನಿಜವಾದ ಜಾಗ ಕಿಟಕಿ. ಗಾಜಿನ ಅಳತೆಗೆ ಕತ್ತರಿಸಿ ಇಟ್ಟುಕೊಂಡರೆ ಹಗಲು ಬಿಸಿಲಿಗೆ, ರಾತ್ರಿ ಚಳಿಗೆ, ಮರೆಗೂ ಆಯಿತು. ತಗಡಿಗೆ ಏನು ಹೊದಿಸಿದರೂ ಗಾಜು ಬೆತ್ತಲೆ ಉಳಿದರೆ ಎಂತ ಪ್ರಯೋಜನ?

ಬಾಗಿಲಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಗಾಡಿಯ ಬಾಗಿಲಿನೊಳಗೆ ಮಳೆನೀರು ಇಳಿಯುವುದು ದೋಷವಲ್ಲ, ಮಾಡಿದ್ದೇ ಹಾಗೆ. ಗಾಜಿನ ಬದಿಯಿಂದ ಇಳಿದ ನೀರು ಅಡಿಯ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಅದರೊಳಗೆ ಡಬ್ಬಿಯ ಫೋಮನ್ನು ಉಬ್ಬಿಸಿ ತುಂಬಿದರೆ, ಗ್ಲಾಸ್‌ವೂಲ್ ತುರುಕಿದರೆ, ಆ ತೂತು ಕಟ್ಟುತ್ತದೆ. ಎರಡು ಮಳೆಗಾಲ, ಆಮೇಲೆ ಬಾಗಿಲಿನ ಅಡಿ ಹಪ್ಪಳ. ಅಡಿಯಿಂದ ಮೂರು ಬೆರಳು ಯಾವಾಗಲೂ ಖಾಲಿ ಬಿಡಬೇಕು, ಪೊಳ್ಳು ಕಂಬಗಳೊಳಗೆ ಏನನ್ನೂ ತುಂಬಬಾರದು. ನೆಲದ ಮ್ಯಾಟಿನಡಿಯ ಫೆಲ್ಟನ್ನು ಎತ್ತಿ ಮೂಸಿ ನೋಡು, ಮುಗ್ಗಲು ವಾಸನೆ ಬಂದರೆ ಒಣಗಿಸುವುದಲ್ಲ, ಎಸೆಯುವುದು.

ಇದೆಲ್ಲದರ ಮೇಲೆ ಮುಚ್ಚಿಗೆ. ನಾಲ್ಕು ಮಿಲಿಮೀಟರ್ ಪ್ಲೈವುಡ್‌ಗೆ ಕಾರ್ಪೆಟ್ ಬಟ್ಟೆ ಹೊದಿಸಿ ಸ್ಕ್ರೂ ಹಾಕಿ ನಿಲ್ಲಿಸಬೇಕು, ಗಮ್ಮಿನಿಂದಲ್ಲ. ಪ್ಲೈ ಐಎಸ್ 710 ಗುರುತಿನದ್ದೇ ಆಗಬೇಕು, ನೀರಿಗೆ ಬಿಚ್ಚಿಕೊಳ್ಳದ್ದು. ಅವನ ಮೊಬೈಲಿನಲ್ಲಿ ಹದಿನೆಂಟು ಮಿಲಿಮೀಟರ್ ಹಲಗೆಯ ಕಪಾಟು, ಸಿಂಕು ಎಲ್ಲ ಇದ್ದ ಗಾಡಿಗಳ ಚಿತ್ರಗಳಿದ್ದವು. ಅದು ನನಗೆ ಹಿಡಿಸುವುದಿಲ್ಲ. ಆ ದಪ್ಪದ ಎಂಟು-ನಾಲ್ಕರ ಒಂದು ಶೀಟೇ ಮೂವತ್ತು ಕಿಲೋ ಮೀರುತ್ತದೆ. ಕಲ್ಲಿನ ದಾರಿ ಹತ್ತುವ ಗಾಡಿಗೆ ಮದುವೆಮನೆಯ ಅಲಂಕಾರ ಯಾಕೆ? ಹಿಂದಿನ ಎದುರುಬದುರು ಸೀಟು ಮಡಚಿ, ತೂತು ಕೊರೆದ ಒಂದು ಹಲಗೆ ಹಾಕಿ, ಮೇಲೆ ನಾರಿನ ಹಾಸಿಗೆ ಹಾಸಿದರೆ ಆಯಿತು. ಸ್ಪಂಜಿನ ಹಾಸಿಗೆಯ ಅಡಿಯಲ್ಲಿ ಬೆವರು ನೀರು ನಿಲ್ಲುತ್ತದೆ, ತೆಂಗಿನ ನಾರಿನಲ್ಲಿ ಗಾಳಿ ಆಡುತ್ತದೆ. ಸೀಟು ಕಿತ್ತು ತೆಗೆಯುವುದು, ಮಾಡು ಕೊಯ್ದು ಎತ್ತರಿಸುವುದು ಎಲ್ಲ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದಕ್ಕೆ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಕಂಪನಿಯ ಮೂಲ ವಿವರದಿಂದ ಗಾಡಿಯನ್ನು ಬದಲಿಸುವ ಹಾಗಿಲ್ಲ ಎಂದಿದೆ.

ಕೊನೆಗೆ ನಾನು ಎದುರು ಕೂರಿಸಿ ಹೇಳಿದ್ದು ಗಾಳಿಯ ವಿಷಯ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ, ಸುರತ್ಕಲ್ಲಿನಲ್ಲೂ ಹಾದುಹೋಗುವ ನಮ್ಮದೇ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಮಲಗಿದಲ್ಲೇ ಪ್ರಾಣ ಬಿಟ್ಟಿದ್ದರು. ಎಸಿಗೆಂದು ಓಡಿಸಿದ ಜನರೇಟರಿನ ಹೊಗೆ ಒಳಗೆ ಬಂದಿತ್ತು. ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಎಚ್ಚರವಾಗಲಿಕ್ಕೆ ಬಿಡುವುದಿಲ್ಲ. ಹೊದಿಕೆ ಬಿಗಿಯಾದಷ್ಟೂ ಅಪಾಯ ಹೆಚ್ಚು. ಇಂಜಿನ್ ಚಾಲೂ ಇಟ್ಟು ಮಲಗಬೇಡ, ಒಳಗೆ ಸ್ಟವ್ ಹಚ್ಚಬೇಡ, ಚಳಿಗೆ ಕೆಂಡದ ತಟ್ಟೆ ತರಬೇಡ. ಆಚೆ ಒಂದು, ಈಚೆ ಒಂದು ಕಿಟಕಿಯನ್ನು ಎರಡು ಬೆರಳು ಇಳಿಸಿ, ಸೊಳ್ಳೆಪರದೆ ಕಟ್ಟಿ ಮಲಗು. ಉಸಿರಿನ ತೇವವೂ ಆ ದಾರಿಯಲ್ಲೇ ಹೋಗುತ್ತದೆ. ಚಳಿಯಾದರೆ ಇನ್ನೊಂದು ಕಂಬಳಿ ಹೊದ್ದುಕೋ. ಅಕ್ಕ ಅಷ್ಟು ಹೊತ್ತು ಮಾತಾಡದೆ ಕೇಳುತ್ತಿದ್ದವರು, "ಅದೊಂದನ್ನು ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ.

"ಹಾಗಾದರೆ ಇವತ್ತು ಎಲ್ಲಿಂದ ಶುರು ಮಾಡುವುದು ಮಾಮ?"

ಇವತ್ತು ಏನೂ ಅಂಟಿಸುವುದಿಲ್ಲ. ನೀರು ಎಲ್ಲಿಂದ ಬರುತ್ತದೆ ಎಂದು ನೋಡುವುದು.

ಒಳಗಿನ ರೆಕ್ಸಿನ್, ಮ್ಯಾಟು ಎಲ್ಲ ಬಿಚ್ಚಿ ಅಂಗಳದಲ್ಲಿ ಹರಡಿದೆವು. ದಾಸವಾಳಕ್ಕೆ ಹಿಡಿದಿದ್ದ ಪೈಪನ್ನು ಬೇಲಿಯ ಮೇಲಿನಿಂದ ದಾಟಿಸಿ ಮಾಡಿನ ಮೇಲೆ ನೀರು ಬಿಟ್ಟೆ, ಒಂದೊಂದು ಬದಿಗೆ ಹದಿನೈದು ನಿಮಿಷ. ಅವನು ಬಾಗಿಲು ಹಾಕಿಕೊಂಡು ಒಳಗೆ ಟಾರ್ಚ್ ಹಿಡಿದು ಕೂತ. ಬಲಬದಿಯಲ್ಲಿ ಏನೂ ಇಲ್ಲ. ಎಡಬದಿಯಲ್ಲೂ ಇಲ್ಲ. ಹಿಂದಿನ ಬಾಗಿಲಿನ ಮೇಲೆ ನೀರು ಬಿಟ್ಟು ಐದು ನಿಮಿಷ ಆಗಿರಬೇಕು, ತಗಡಿನ ಮೇಲೆ ಒಳಗಿನಿಂದ ಬೆರಳು ಬಡಿದ ಸದ್ದಾಯಿತು.

"ಸಿಕ್ಕಿತು ಮಾಮ. ಮೇಲಿನ ರಬ್ಬರಿನ ಮೂಲೆಯಿಂದ. ಒಂದೊಂದೇ ಹನಿ."

"ಅಲ್ಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕು" ಎಂದು ಪೈಪನ್ನು ಈಚೆ ಮೂಲೆಗೆ ಸರಿಸಿದೆ.